ಡಿಬಿಎ ಕೈಗೆ ಆ್ಯಪ್ ಸರ್ವರ್ ಬಂದಾಗ: ಲಾಗ್ ಅಳಿಸುವ ಮುನ್ನ ಇಷ್ಟು ಮಾಡಿ

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಲಿನ ಸಣ್ಣ ಕಚೇರಿಗಳಲ್ಲಿ ಐಟಿ ವಿಭಾಗ ಎಂದರೆ ಒಬ್ಬರು, ಹೆಚ್ಚೆಂದರೆ ಇಬ್ಬರು. ಅಪ್ಲಿಕೇಶನ್ ನೋಡಿಕೊಳ್ಳುತ್ತಿದ್ದವರು ಬೆಂಗಳೂರಿಗೆ ಹೊರಟರೆಂದರೆ ಅವರ ಆ್ಯಪ್ ಸರ್ವರ್ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಕೊರಳಿಗೆ ಬೀಳುತ್ತದೆ. ಕಾಫಿ ಖರೀದಿಯ ತಂತ್ರಾಂಶವಿರಲಿ, ಹೋಂಸ್ಟೇ ಬುಕಿಂಗ್ ಇರಲಿ, ಕೆಲಸ ಕಲಿಯಲಾಗದಂಥದ್ದಲ್ಲ. ಎಡವುವುದು ಮಾತ್ರ ಹೆಚ್ಚಾಗಿ ಒಂದೇ ಜಾಗದಲ್ಲಿ: ಡಿಸ್ಕ್ ತುಂಬಿದ ದಿನ, ಗಾಬರಿಯಲ್ಲಿ ಲಾಗ್ (ಪ್ರೋಗ್ರಾಂ ತನ್ನ ಆಗುಹೋಗು ಬರೆದಿಡುವ ಫೈಲ್) ಅಳಿಸುವಾಗ.

ಮೊದಲ ಹಂತ ಸುಲಭದ್ದು. ಯಾವ ಸೇವೆ, ಯಾವ ಬಳಕೆದಾರನ ಹೆಸರಿನಲ್ಲಿ, ಯಾವ ಫೋಲ್ಡರ್‌ನಿಂದ ಓಡುತ್ತಿದೆ, ಲಾಗ್ ಎಲ್ಲಿ ಬರೆಯುತ್ತಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಎರಡನೆಯದು ಏಳುವ ಕ್ರಮ. ನಮ್ಮ ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾಗುವುದು ಸುದ್ದಿಯೇ ಅಲ್ಲ. ಕರೆಂಟು ಮರಳಿದಾಗ ಎಲ್ಲ ಯಂತ್ರಗಳೂ ಒಟ್ಟಿಗೆ ಏಳುತ್ತವೆ. ಆ್ಯಪ್ ಸರ್ವರ್ ಮೊದಲೇ ಎದ್ದು, ಡೇಟಾಬೇಸ್ ಕಾಣದೆ ಸತ್ತು ಕೂರುತ್ತದೆ. ಎರಡೂ ಒಂದೇ ಯಂತ್ರದಲ್ಲಿದ್ದರೆ ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯಲ್ಲಿ ಡೇಟಾಬೇಸ್ ನಂತರವೇ ಆ್ಯಪ್ ಎಂದು ನಮೂದಿಸಿ. ಬೇರೆ ಬೇರೆ ಇದ್ದರೆ, ಡೇಟಾಬೇಸ್ ಉತ್ತರಿಸುವವರೆಗೆ ಕಾಯುವ ಪುಟ್ಟ ಸ್ಕ್ರಿಪ್ಟ್ ಸಾಕು. ಅಂದ ಹಾಗೆ, ಸರ್ವರ್‌ಗೆ ಸೂಚನೆ ಕಳುಹಿಸಿ ಅದನ್ನು ಕ್ರಮವಾಗಿ ಮುಚ್ಚಿಸಲಾಗದ ಯುಪಿಎಸ್ ಕೊಳ್ಳಲೇಬೇಡಿ. ಬ್ಯಾಟರಿ ಮುಗಿಯುತ್ತಿದೆ ಎಂದು ಖಾಲಿ ಕೋಣೆಯಲ್ಲಿ ಕೂಗಿಕೊಳ್ಳುವುದಷ್ಟೇ ಅದಕ್ಕೆ ಗೊತ್ತು.

ಈಗ ಲಾಗ್. ಡಿಸ್ಕ್ ನೂರಕ್ಕೆ ನೂರು ತುಂಬಿದೆ ಎಂದು ಡಿಎಫ್ ಆಜ್ಞೆ ತೋರಿಸುತ್ತದೆ. ಡಿಯು ಆಜ್ಞೆಯಿಂದ ಹುಡುಕಿದರೆ, ಜಾವಾ ಆ್ಯಪ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್‌ನ ‘ಕ್ಯಾಟಲಿನಾ ಡಾಟ್ ಔಟ್’ ಫೈಲ್ ಹಲವು ಜಿಬಿ ಬೆಳೆದು ನಿಂತಿದೆ. ಟಾಮ್‌ಕ್ಯಾಟ್ ತನ್ನ ಉಳಿದ ಲಾಗ್‌ಗಳನ್ನು ದಿನಕ್ಕೊಂದರಂತೆ ಬೇರ್ಪಡಿಸುತ್ತದೆ. ಇದೊಂದನ್ನು ತಾನಾಗಿ ಕತ್ತರಿಸುವುದಿಲ್ಲ. ನೋಡಿದವರು ಥಟ್ಟನೆ ಅಳಿಸುವ ಆಜ್ಞೆ ಆರ್‌ಎಂ ಹೊಡೆಯುತ್ತಾರೆ. ಫೈಲ್ ಮಾಯವಾಗುತ್ತದೆ, ಡಿಸ್ಕ್ ಮಾತ್ರ ತುಂಬಿಯೇ ಇರುತ್ತದೆ. ಓಡುತ್ತಿರುವ ಪ್ರೋಗ್ರಾಂ ಆ ಫೈಲನ್ನು ಹಿಡಿದುಕೊಂಡೇ ಇದೆ. ಪಡಿತರ ಚೀಟಿಯಿಂದ ಹೆಸರು ಹೊಡೆದ ಮಾತ್ರಕ್ಕೆ ಮನೆಯಲ್ಲಿರುವವನು ಉಣ್ಣುವುದು ನಿಲ್ಲುತ್ತದೆಯೇ? ಜಾಗ ಬಿಡುಗಡೆಯಾಗುವುದು ಪ್ರೋಗ್ರಾಂ ಕೈಬಿಟ್ಟಾಗಲೇ. ಈಗಾಗಲೇ ಅಳಿಸಿಬಿಟ್ಟಿದ್ದರೆ, ಎಲ್‌ಎಸ್‌ಒಎಫ್ ಆಜ್ಞೆಗೆ ‘ಪ್ಲಸ್ ಎಲ್ 1’ ಸೇರಿಸಿ ಓಡಿಸಿ: ಹೆಸರು ಹೋದರೂ ಜಾಗ ಬಿಡದ ಫೈಲ್‌ಗಳೆಲ್ಲ ಕಾಣುತ್ತವೆ. ಆಮೇಲೆ ಆ್ಯಪ್ ಮರುಚಾಲನೆಯೇ ನೇರ ದಾರಿ. ಇನ್ನೂ ಅಳಿಸಿಲ್ಲವೇ? ಅಳಿಸಬೇಡಿ. ಕೊನೆಯ ಕೆಲವು ಸಾವಿರ ಸಾಲುಗಳನ್ನು ಬೇರೆ ಡಿಸ್ಕ್‌ಗೆ ತೆಗೆದಿಟ್ಟು, ಟ್ರಂಕೇಟ್ ಆಜ್ಞೆಯಿಂದ ಫೈಲಿನ ಗಾತ್ರವನ್ನು ಸೊನ್ನೆಗೆ ಇಳಿಸಿ.

ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿದೆ. ಆ್ಯಪ್ ಲಾಗ್ ಅಳಿಸಿ ಅಭ್ಯಾಸವಾದ ಕೈ ಡೇಟಾಬೇಸ್ ಕಡೆಗೂ ಚಾಚುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ರೈಟ್ ಅಹೆಡ್ ಲಾಗ್ (ಪ್ರತಿ ಬದಲಾವಣೆಯನ್ನೂ ಮೊದಲೇ ಬರೆದಿಡುವ ದಾಖಲೆ, ಚಿಕ್ಕದಾಗಿ ವಾಲ್) ಓದಿ ಎಸೆಯುವ ಲಾಗ್ ಅಲ್ಲ, ದತ್ತಾಂಶದ್ದೇ ಭಾಗ. ಅದರ ಫೋಲ್ಡರ್‌ಗೆ ಮೊದಲು ‘ಪಿಜಿ ಎಕ್ಸ್‌ಲಾಗ್’ ಎಂದಿತ್ತು; ಲಾಗ್ ಎಂಬ ಹೆಸರು ನಂಬಿ ಜನ ಅಳಿಸಿ ಡೇಟಾಬೇಸ್ ಹಾಳುಮಾಡಿಕೊಳ್ಳುತ್ತಿದ್ದರೆಂದೇ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಅದನ್ನು ‘ಪಿಜಿ ವಾಲ್’ ಎಂದು ಬದಲಿಸಿದರು. ಅದು ಬೆಳೆಯುತ್ತಿದ್ದರೆ ಅದರ ನಕಲನ್ನು ಬೇರೆಡೆ ಇಡುವ ಆರ್ಕೈವಿಂಗ್ ಕೆಟ್ಟಿದೆಯೇ, ನಕಲು ಸರ್ವರ್‌ಗಾಗಿ ಅದನ್ನು ಹಿಡಿದಿಡುವ ರೆಪ್ಲಿಕೇಶನ್ ಸ್ಲಾಟ್ ಬಳಕೆಯಿಲ್ಲದೆ ಉಳಿದಿದೆಯೇ ನೋಡಿ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಬದಲಾವಣೆಗಳನ್ನು ದಾಖಲಿಸುವ ಬೈನರಿ ಲಾಗ್ ತೆಗೆಯುವುದಾದರೆ ಪರ್ಜ್ ಆಜ್ಞೆಯಿಂದಲೇ ತೆಗೆಯಿರಿ. ನನ್ನ ಕಟ್ಟಪ್ಪಣೆ: ಆ್ಯಪ್ ಲಾಗ್‌ಗಳಿಗೆ ಪ್ರತ್ಯೇಕ ಪಾರ್ಟಿಶನ್ (ಡಿಸ್ಕಿನ ಬೇರೆ ಭಾಗ) ಕೊಡಿ, ಒಂದರ ಹೊಟ್ಟೆ ಉಬ್ಬಿ ಇನ್ನೊಂದು ಸಾಯಬಾರದು.

ಮುಂದಿನದು ಲಾಗ್‌ರೊಟೇಟ್, ಬೆಳೆದ ಲಾಗನ್ನು ಕತ್ತರಿಸಿ ಹಳೆಯದನ್ನು ತೆಗೆದಿಡುವ ಲಿನಕ್ಸ್ ಸಾಧನ. ಬೇರೆ ಯಾವ ‘ಡಿಸ್ಕ್ ಕ್ಲೀನರ್’ ತಂತ್ರಾಂಶವೂ ಬೇಡ. ಅಂತರ್ಜಾಲದಿಂದ ನಕಲು ಮಾಡಿದ, ಏಳು ದಿನಕ್ಕಿಂತ ಹಳೆಯದನ್ನೆಲ್ಲ ಅಳಿಸುವ ಕ್ರಾನ್ (ನಿಗದಿತ ಹೊತ್ತಿಗೆ ಆಜ್ಞೆ ಓಡಿಸುವ ಸೇವೆ) ಸಾಲಂತೂ ಬೇಡವೇ ಬೇಡ. ಕ್ಯಾಟಲಿನಾ ಫೈಲಿಗೆ ‘ಕಾಪಿಟ್ರಂಕೇಟ್’ ಆಯ್ಕೆ ಹಾಕಿ. ಅದು ಮೊದಲು ನಕಲು ತೆಗೆದು, ಆಮೇಲೆ ಮೂಲವನ್ನು ಖಾಲಿ ಮಾಡುತ್ತದೆ. ಅಂದರೆ ನಕಲಿಗಾಗುವಷ್ಟು ಜಾಗ ಮೊದಲೇ ಖಾಲಿ ಇರಬೇಕು. ನಡುವಿನ ಕ್ಷಣದಲ್ಲಿ ಒಂದೆರಡು ಸಾಲು ಕಳೆದುಹೋಗಲೂಬಹುದು. ಗಾತ್ರ 100 ಎಂಬಿ ದಾಟಿದರೆ ಕತ್ತರಿಸು ಎಂದು ಬರೆದು ನಿಶ್ಚಿಂತೆಯಿಂದ ಮನೆಗೆ ಹೋಗುವವರಿದ್ದಾರೆ. ಲಾಗ್‌ರೊಟೇಟ್ ಸಾಮಾನ್ಯವಾಗಿ ಓಡುವುದೇ ದಿನಕ್ಕೊಮ್ಮೆ. ನಡುವೆ ಫೈಲ್ 10 ಜಿಬಿ ಆದರೂ ಅದಕ್ಕೆ ತಿಳಿಯದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ವಹಿವಾಟು ಏರುವ ಕಚೇರಿಯಾದರೆ ಗಂಟೆಗೊಮ್ಮೆ ಓಡಿಸಿ. ಬರೆದಾದ ಮೇಲೆ ‘ಮೈನಸ್ ಡಿ’ ಆಯ್ಕೆಯಿಂದ ಒಣ ಪರೀಕ್ಷೆ ಮಾಡಿ. ಆಗ ಯಾವ ಫೈಲನ್ನೂ ಅದು ಮುಟ್ಟುವುದಿಲ್ಲ.

ಮೆಮೊರಿ ಮತ್ತು ಸಂಪರ್ಕಗಳ ಲೆಕ್ಕ ಡಿಬಿಎಗೆ ಹೇಳಿಕೊಡಬೇಕಿಲ್ಲವಾದರೂ ಒಂದು ಮಾತು. ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100 ಸಂಪರ್ಕ. ತಲಾ 60ರ ಪೂಲ್ (ತೆರೆದಿಟ್ಟ ಸಂಪರ್ಕಗಳ ಗುಂಪು) ಇರುವ ಎರಡು ಆ್ಯಪ್ ಸರ್ವರ್ ಇಟ್ಟರೆ ದಟ್ಟಣೆಯ ದಿನವೇ ಅದು ಕೈಕೊಡುತ್ತದೆ. ಪಡೆದ ಮೆಮೊರಿ, ಸಂಪರ್ಕಗಳನ್ನು ಆ್ಯಪ್ ಹಿಂತಿರುಗಿಸದಿದ್ದರೆ, ಪ್ರತಿ ರಾತ್ರಿ ಮರುಚಾಲನೆ ಮಾಡಿ ಆ ಸೋರಿಕೆ ಮುಚ್ಚಿಡುವುದು ದುರಸ್ತಿಯಲ್ಲ.

ಕೊನೆಯದು ಕಾಪಿಡುವ ಅವಧಿ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಉಳಿಸಿಡಬೇಕು, ಗಡಿಯಾರಗಳನ್ನು ಜಾಲದಿಂದ ಸರಿಯಾದ ಸಮಯ ಪಡೆಯುವ ಎನ್‌ಟಿಪಿ ಮೂಲಕ ಹೊಂದಿಸಬೇಕು. ಕತ್ತರಿಸಿದ ಫೈಲ್‌ಗಳನ್ನು ಸಂಕುಚಿಸಿ ಬೇರೆ ಯಂತ್ರಕ್ಕೆ ಸಾಗಿಸಿ. ಸಾಗಿಸುವ ಮೊದಲು ಒಂದನ್ನು ತೆರೆದು ಓದಿ. ಹಿಂದಿನವರು ಎಲ್ಲವನ್ನೂ ಬರೆದಿಡುವ ಡೀಬಗ್ ಮಟ್ಟವನ್ನು ಹಾಗೆಯೇ ಬಿಟ್ಟು ಹೋಗಿದ್ದರೆ ಅತಿಥಿಗಳ ಮೊಬೈಲ್ ಸಂಖ್ಯೆ, ಗುರುತಿನ ಚೀಟಿಯ ವಿವರ, ಕೆಲವೊಮ್ಮೆ ಪಾಸ್‌ವರ್ಡ್ ಕೂಡ ಅದರಲ್ಲಿ ಸಿಗುತ್ತದೆ. ಹಾಗಿದ್ದರೆ ಅಂದೇ ಮಟ್ಟವನ್ನು ಇಳಿಸಿ, ಫೋಲ್ಡರ್‌ಗೆ ಯಾರೋ ಕೊಟ್ಟಿರುವ, ಯಾರು ಬೇಕಾದರೂ ಓದಿ ಬರೆಯಬಹುದಾದ 777 ಅನುಮತಿಯನ್ನೂ ತೆಗೆದುಹಾಕಿ.