ಕರೆಂಟ್ ಸರಿಯಿದ್ದರೂ ಟ್ರಿಪ್ ಆಗುತ್ತಿದ್ದ ಸ್ಟಾರ್ಟರ್

ಕಾಸರಗೋಡಿನ ಉಪ್ಪಳದ ಹತ್ತಿರ ಒಂದು ಮೀನಿನ ಕೋಲ್ಡ್ ರೂಮ್. 5 ಎಚ್‌ಪಿ ಸೆಮಿ-ಹರ್ಮೆಟಿಕ್ ಕಂಪ್ರೆಸರ್ (ಮೋಟರ್ ಗ್ಯಾಸಿನ ಜೊತೆ ಒಂದೇ ಬಾಡಿಯೊಳಗೆ ಇರುವಂಥದ್ದು), ತಂಪು ಮಾಡಲು ಆರ್-404ಎ ಗ್ಯಾಸ್, ಮೋಟರನ್ನು ನೇರ ಲೈನಿಗೆ ಹಾಕುವ ಮಾಮೂಲಿ ಡಿಒಎಲ್ ಸ್ಟಾರ್ಟರ್. ಮೇ ಕೊನೆಯಲ್ಲಿ ಯಜಮಾನರ ಫೋನ್ ಬಂತು. "ಮಾರಾಯ್ರೆ, ದಿನಕ್ಕೆ ನಾಲ್ಕು ಸಲ ಟ್ರಿಪ್ ಆಗ್ತದೆ. ಒಳಗೆ ಬಂಗುಡೆ, ಅಂಜಲ್ ಎಲ್ಲ ತುಂಬಿಸಿಟ್ಟಿದ್ದೇನೆ, ಒಮ್ಮೆ ಬಂದು ನೋಡಿ." ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ಬಂದ್ ಅಲ್ವಾ, ಅದಕ್ಕೆ ಮೊದಲು ಸ್ಟಾಕ್ ಮಾಡುತ್ತಾರೆ. ಮೆಷಿನ್ ಕೈಕೊಡುವುದೂ ಆಗಲೇ.

ಬೆಳಿಗ್ಗೆ ಏಳಕ್ಕೆ ಹೋದೆ. ನನಗಿಂತ ಮೊದಲು ಬಂದವರು ಓವರ್‌ಲೋಡ್ ರಿಲೇಯನ್ನು (ಮೋಟರ್ ಹೆಚ್ಚು ಆಂಪ್ ಎಳೆದರೆ ಆಫ್ ಮಾಡುವಂಥದ್ದು) ಎರಡು ಸಲ ಬದಲಿಸಿದ್ದರು, ಅದೂ ಸಾಲದೆ ಡಯಲನ್ನು 12 ಆಂಪ್‌ಗೆ ತಿರುಗಿಸಿಟ್ಟಿದ್ದರು. ನೇಮ್‌ಪ್ಲೇಟಿನಲ್ಲಿ ಇದ್ದದ್ದು 9. ಇದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈ ಜಾತಿಯ ಕಂಪ್ರೆಸರಿನಲ್ಲಿ ಮೋಟರ್ ಸುಟ್ಟರೆ ಅದರ ಆಸಿಡ್ ಇಡೀ ಪೈಪಿಗೆಲ್ಲ ಹೋಗುತ್ತದೆ, ಆಮೇಲೆ ತೊಳೆದು ಮುಗಿಯುವುದಿಲ್ಲ.

ಮೇನ್ ಆಫ್ ಮಾಡಿ, ಮೋಟರ್ ವೈರ್ ಬಿಚ್ಚಿ, ಇನ್ಸುಲೇಶನ್ ನೋಡುವ ಮೆಗ್ಗರ್ ಹಾಕಿದೆ. ಬಾಡಿಗೆ ಲೀಕ್ ಇಲ್ಲ. ಮೂರು ವೈಂಡಿಂಗ್‌ಗಳ ಓಮ್ಸ್ ಸಮ. ಚಾಲೂ ಮಾಡಿ, ವೈರಿನ ಸುತ್ತ ಹಿಡಿದು ಆಂಪ್ ನೋಡುವ ಟಾಂಗ್ ಟೆಸ್ಟರ್ ಹಿಡಿದರೆ 8.1, 8.0, 8.2. ವೋಲ್ಟೇಜ್ 400ರ ಆಸುಪಾಸು. ಎಲ್ಲ ಸರಿ! ಮೀನಿನ ಕ್ರೇಟ್ ಕವುಚಿ ಹಾಕಿ ಕೂತು ಚಹಾ ಕುಡಿದೆ. ಸುಮಾರು ಮುಕ್ಕಾಲು ಗಂಟೆಗೆ 'ಟಕ್' ಅಂತ ಬಿತ್ತು. ಬೀಳುವ ಹೊತ್ತಿಗೂ ಟೆಸ್ಟರಿನಲ್ಲಿ 8.2 ಆಂಪೇ ಇತ್ತು. 12ಕ್ಕೆ ಇಟ್ಟ ರಿಲೇ 8ಕ್ಕೆ ಯಾಕೆ ಬೀಳಬೇಕು?

ಸ್ಟಾರ್ಟರಿನ ಕವರ್ ತೆಗೆದ ಕೂಡಲೇ ಮೂಗಿಗೆ ಕಮಟು ವಾಸನೆ ಹೊಡೆಯಿತು. ಮತ್ತೆ ಚಾಲೂ ಮಾಡಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು, ಕಾಂಟ್ಯಾಕ್ಟರಿನ (ಸ್ಟಾರ್ಟರಿನೊಳಗೆ ಮೋಟರಿಗೆ ಕರೆಂಟ್ ಕೊಡುವ ಸ್ವಿಚ್, ರಿಲೇ ಅದರ ಕೆಳಗೇ ಇರುತ್ತದೆ) ಒಂದೇ ಫೇಸಿನ ಮೇಲಿನ ಸ್ಕ್ರೂಗೆ ಒಂದು ಕಡ್ಡಿ, ಕೆಳಗಿನ ಸ್ಕ್ರೂಗೆ ಇನ್ನೊಂದು. (ಲೈವ್ ಕೆಲಸ ಇದು, ಗ್ಲೌಸ್ ಇಲ್ಲದೆ, ಒದ್ದೆ ನೆಲದಲ್ಲಿ ನಿಂತು ಮಾಡಬೇಡಿ.) ಎರಡು ಫೇಸಿನಲ್ಲಿ 0.05 ವೋಲ್ಟ್. ನಡುವಿನದರಲ್ಲಿ 1.4! ಸಣ್ಣ ಸಂಖ್ಯೆ ಅನ್ನಿಸಬಹುದು. ಆದರೆ 1.4 ವೋಲ್ಟಿಗೆ 8 ಆಂಪ್ ಗುಣಿಸಿ, 11 ವ್ಯಾಟ್. ಅಂದರೆ ರಿಲೇಯ ತಲೆಯ ಮೇಲೆ ಒಂದು ಸಣ್ಣ ಸೋಲ್ಡರಿಂಗ್ ಐರನ್ ಇಟ್ಟ ಹಾಗೆ. ರಿಲೇಯೊಳಗಿನ ಬೈಮೆಟಲ್ ಪಟ್ಟಿ ಬಿಸಿಗೆ ಬಾಗುತ್ತದೆ, ಅಷ್ಟೇ. ಆ ಬಿಸಿ ಮೋಟರ್ ಎಳೆದ ಕರೆಂಟಿನದ್ದೋ ಪಕ್ಕದ ಕಾಂಟ್ಯಾಕ್ಟಿನದ್ದೋ, ಅದಕ್ಕೇನು ಗೊತ್ತು? ಹೊಸ ರಿಲೇ ಎಷ್ಟು ಹಾಕಿದರೂ ಬೀಳುತ್ತಲೇ ಇತ್ತು.

ಬಿಚ್ಚಿ ನೋಡಿದರೆ ನಡುವಿನ ಕಾಂಟ್ಯಾಕ್ಟಿನ ಬೆಳ್ಳಿ ಸವೆದು, ಕಪ್ಪಾಗಿ ಕುಳಿ ಬಿದ್ದಿತ್ತು. ಸಮುದ್ರದ ಗಾಳಿ ಬೇರೆ, ಸ್ಕ್ರೂ ಬುಡವೆಲ್ಲ ಹಸಿರು ಕಿಲುಬು. ಕಾಂಟ್ಯಾಕ್ಟರ್, ವೈರಿನ ತುದಿಯ ಥಿಂಬಲ್ ಎರಡೂ ಹೊಸದು ಹಾಕಿ, ಡಯಲ್ 9ಕ್ಕೆ ತಂದು ಮನೆಗೆ ಬಂದೆ.

ಮೂರನೇ ದಿನ ಮಧ್ಯಾಹ್ನ ಮತ್ತೆ ಫೋನ್.

ಈ ಸಲ ಕರೆಂಟೇ ಜಾಸ್ತಿ, 9.8. ಗೇಜ್ ಹಾಕಿದರೆ ಹೆಡ್ ಪ್ರೆಶರ್, ಅಂದರೆ ಕಂಪ್ರೆಸರಿನಿಂದ ಹೊರಬರುವ ಗ್ಯಾಸಿನ ಒತ್ತಡ, 350 ಪಿಎಸ್‌ಐ. ಆ ಒತ್ತಡದಲ್ಲಿ ಆರ್-404ಎ ದ್ರವವಾಗುವುದು ಸುಮಾರು 54 ಡಿಗ್ರಿಯಲ್ಲಿ, ಹೊರಗೆ ಇದ್ದದ್ದು 33. ಅಂದರೆ ಗ್ಯಾಸಿನ ಬಿಸಿ ಸರಿಯಾಗಿ ಹೊರಗೆ ಹೋಗುತ್ತಿಲ್ಲ. ಮೊದಲ ದಿನ ನಾನು ಗೇಜ್ ಹಾಕಿಯೇ ಇರಲಿಲ್ಲ. ಬೆಳಗಿನ ತಂಪು, ಟೆಸ್ಟರಿನಲ್ಲಿ ಕರೆಂಟ್ ಚೆನ್ನಾಗಿತ್ತಲ್ಲ ಅಂತ ಬಿಟ್ಟೆ. ತಪ್ಪು ನನ್ನದೇ. ಆ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರಿನ ಫಿನ್‌ಗಳ (ತೆಳು ತಗಡುಗಳ) ಮಧ್ಯೆ ಹೆದ್ದಾರಿ ಕೆಲಸದ ಧೂಳು ಉಪ್ಪಿನ ಜೊತೆ ಸೇರಿ ಕೆಸರಿನ ಹಾಗೆ ಗಟ್ಟಿಯಾಗಿತ್ತು. ಡಯಲ್ 12ರಲ್ಲಿ ಇದ್ದಾಗ ಇದು ಅಡಗಿಕೊಂಡಿತ್ತು, 9ಕ್ಕೆ ತಂದಾಗ ಹೊರಗೆ ಬಂತು. ಮೆಷಿನ್ ನಿಲ್ಲಿಸಿ, ಒಳಗಿನಿಂದ ಹೊರಕ್ಕೆ ನಿಧಾನಕ್ಕೆ ನೀರು ಬಿಟ್ಟು ತೊಳೆದೆ. ಪ್ರೆಶರ್ 275ಕ್ಕೆ ಇಳಿಯಿತು, ಕರೆಂಟ್ 8.3.

ಅಷ್ಟರಲ್ಲಿ ಕರೆಂಟ್ ಹೋಗಿ ಬಂತು. ಒಳ್ಳೆಯದೇ ಆಯಿತು. ಬಂದ ಕೂಡಲೇ ಸುತ್ತಲಿನ ಅಡಿಕೆ ತೋಟದ ಪಂಪ್‌ಗಳೆಲ್ಲ ಒಟ್ಟಿಗೆ ಚಾಲೂ, ವೋಲ್ಟೇಜ್ 365. ಅದೇ ಹೊತ್ತಿಗೆ ನಮ್ಮ ಕಂಪ್ರೆಸರ್ ಸ್ಟಾರ್ಟ್ ಆಗಲು ಹೋದರೆ ಇನ್ನೂ ಇಳಿದು ಕಾಯಿಲ್ ಹಿಡಿಯದೆ ಕಾಂಟ್ಯಾಕ್ಟರ್ 'ಟರ್ರ್' ಅಂತ ಬಡಿದುಕೊಂಡಿತು. ಹಳೆಯದರ ಬೆಳ್ಳಿ ಹೇಗೆ ಸವೆಯಿತು ಅಂತ ಆಗ ಗೊತ್ತಾಯಿತು. 5 ನಿಮಿಷದ ಡಿಲೇ ಟೈಮರ್ ಹಾಕಿದೆ, ಜೊತೆಗೆ ವೋಲ್ಟೇಜ್ ಇಳಿದರೆ ಸ್ಟಾರ್ಟ್ ಆಗಲು ಬಿಡದ ಒಂದು ರಿಲೇ.

ಮಳೆ ಹಿಡಿಯುವವರೆಗೆ ಮತ್ತೆ ಟ್ರಿಪ್ ಆಗಲಿಲ್ಲ. ಫಿನ್‌ಗಳ ಬುಡ ಮಾತ್ರ ಉಪ್ಪಿಗೆ ಪುಡಿಯಾಗುತ್ತಿದೆ, ಕಂಡೆನ್ಸರ್ ಬದಲಿಸಬೇಕು ಅಂತ ಯಜಮಾನರಿಗೆ ಹೇಳಿದ್ದೇನೆ. "ಟ್ರಾಲಿಂಗ್ ಬಂದ್ ಮುಗಿಯಲಿ, ನೋಡುವ" ಅಂದರು.