ವಿಮಾನ ನಿಲ್ದಾಣದ ನೀರು, ಕರೆಂಟು: ಲೆಕ್ಕ ಶುರುವಾಗಬೇಕಾದದ್ದು ಕೂಲಿಂಗ್ ಟವರ್‌ನಿಂದ

ಟರ್ಮಿನಲ್‌ನಲ್ಲಿ ನೀರು ಉಳಿಸಬೇಕೆಂದಾಗ ಮೊದಲು ಎಲ್ಲರ ಕಣ್ಣು ಹೋಗುವುದು ಶೌಚಾಲಯದ ನಲ್ಲಿಗಳ ಕಡೆಗೆ. ಅವಕ್ಕೆ ಏರೇಟರ್ (ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ) ಹಾಕಿಸುವುದು ಸುಲಭದ ಕೆಲಸ, ಮಾಡಿ ಮುಗಿಸಿ. ನೀರು, ಕರೆಂಟು ಎರಡೂ ಒಟ್ಟಿಗೆ ಹರಿದುಹೋಗುವ ಜಾಗ ಎಸಿ ಪ್ಲಾಂಟ್.

ಎಸಿಗೆ ಬೇಕಾದ ನೀರನ್ನು ತಂಪು ಮಾಡುವ ಯಂತ್ರ ಚಿಲ್ಲರ್; ಅದರ ಶಾಖವನ್ನು ನೀರು ಆವಿಯಾಗಿಸಿ ಹೊರಹಾಕುವುದು ಕೂಲಿಂಗ್ ಟವರ್. ನೀರಿನಿಂದ ತಣಿಯುವ ಚಿಲ್ಲರ್ ಇದ್ದರೆ, ಪ್ರತಿ ಟನ್ (ತಂಪು ಮಾಡುವ ಸಾಮರ್ಥ್ಯದ ಅಳತೆ) ಕೂಲಿಂಗ್‌ಗೆ ಗಂಟೆಗೆ ಸುಮಾರು 6.5 ಲೀಟರ್ ನೀರು ಟವರ್‌ನಿಂದ ಆವಿಯಾಗುತ್ತದೆ. 1,000 ಟನ್ ಪೂರ್ತಿ ಲೋಡ್‌ನಲ್ಲಿ ಓಡಿದರೆ 6,500 ಲೀಟರ್. ಇದನ್ನು ತಪ್ಪಿಸಲಾಗದು. ಉಳಿಸಬಹುದಾದದ್ದು ಬ್ಲೋಡೌನ್, ಅಂದರೆ ಲವಣ ಹೆಚ್ಚಾಯಿತೆಂದು ಹೊರಬಿಡುವ ನೀರು. ಟವರ್ ನೀರಿನ ಲವಣವು ತುಂಬುವ ನೀರಿನದಕ್ಕಿಂತ ಎಷ್ಟು ಪಟ್ಟು ಎಂಬುದೇ ಸಿಓಸಿ (ಸೈಕಲ್ಸ್ ಆಫ್ ಕಾನ್ಸಂಟ್ರೇಶನ್). ಆವಿಯ ಪ್ರಮಾಣವನ್ನು ಸಿಓಸಿಯಲ್ಲಿ ಒಂದು ಕಳೆದ ಸಂಖ್ಯೆಯಿಂದ ಭಾಗಿಸಿದರೆ ಬ್ಲೋಡೌನ್ ಸಿಗುತ್ತದೆ: ಸಿಓಸಿ 3 ಇದ್ದರೆ ಗಂಟೆಗೆ 3,250 ಲೀಟರ್, 6 ಇದ್ದರೆ 1,300. ಪೂರ್ತಿ ಲೋಡ್‌ನಲ್ಲಿ ದಿನಕ್ಕೆ 46,800 ಲೀಟರ್ ವ್ಯತ್ಯಾಸ! ಯಾವ ಏರೇಟರ್ ಅಷ್ಟು ಉಳಿಸೀತು?

ಹಾಗೆಂದು ಕಣ್ಣುಮುಚ್ಚಿ ಸಿಓಸಿ ಏರಿಸಬೇಡಿ. ಟವರ್‌ನಲ್ಲಿ ಸಿಲಿಕಾ (ನೀರಿನಲ್ಲಿ ಕರಗಿರುವ ಖನಿಜ) 150 ಪಿಪಿಎಂ (ಲೀಟರ್‌ಗೆ ಮಿಲಿಗ್ರಾಂ) ದಾಟಿದರೆ ಗಾಜಿನಂತಹ ಪದರ ಕಟ್ಟುವ ಅಪಾಯವಿದೆ, ಅದನ್ನು ತೆಗೆಯುವುದು ಬಲು ಕಷ್ಟ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಸಿಲಿಕಾ 40 ಇದ್ದರೆ, ಸಂಸ್ಕರಿಸದೆ ಸಿಓಸಿ 3.7ರ ಮೇಲೆ ಹೋಗುವಂತಿಲ್ಲ. ನೀರು ತುಂಬುವ ಮತ್ತು ಬ್ಲೋಡೌನ್ ಪೈಪ್‌ಗಳೆರಡಕ್ಕೂ ಮೀಟರ್ ಹಾಕಿ, ವಾಹಕತೆ (ಲವಣ ಹೆಚ್ಚಿದಂತೆ ಏರುವ, ನೀರು ವಿದ್ಯುತ್ ಹರಿಸುವ ಗುಣ) ನೋಡಿ ತೆರೆಯುವ ಸ್ವಯಂಚಾಲಿತ ವಾಲ್ವ್ ಕೂಡಿಸಿ. ಸೆನ್ಸರ್ ಕೊಳೆಯಾದರೆ ಕಡಿಮೆ ತೋರಿಸುತ್ತದೆ, ವಾಲ್ವ್ ತೆರೆಯುವುದೇ ಇಲ್ಲ, ಚಿಲ್ಲರ್‌ನ ಶಾಖವನ್ನು ಟವರ್ ನೀರಿಗೆ ಬಿಡುವ ಕಂಡೆನ್ಸರ್‌ನ ಟ್ಯೂಬ್‌ಗಳಲ್ಲಿ ಪದರ ಬೆಳೆದು ಕಂಪ್ರೆಸರ್ ಹೆಚ್ಚು ಕರೆಂಟು ಎಳೆಯುತ್ತದೆ. ಹೊರಬರುವ ಕಂಡೆನ್ಸರ್ ನೀರಿಗೂ ಚಿಲ್ಲರ್ ಒಳಗಿನ ಶೀತಕ ಅನಿಲವು ದ್ರವವಾಗುವ ಉಷ್ಣತೆಗೂ ನಡುವಿನ ಅಂತರವನ್ನು ದಿನವೂ ಬರೆದಿಡಿ. ಶುರುವಿನಲ್ಲಿ 1–2 ಡಿಗ್ರಿ ಇದ್ದದ್ದು 3 ದಾಟಿತೋ, ಟ್ಯೂಬ್ ಉಜ್ಜಿಸಿ.

ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರನ್ನು ಟವರ್‌ಗೆ ಬಳಸುವುದು ಒಳ್ಳೆಯದು. ಆದರೆ ಅಮೋನಿಯ ಉಳಿದಿದ್ದರೆ ತಾಮ್ರದ ಟ್ಯೂಬ್ ಸವೆಯುತ್ತದೆ, ಕ್ಲೋರಿನ್ ವ್ಯರ್ಥವಾಗುತ್ತದೆ. ಫಾಸ್ಫೇಟ್ ಉಳಿದಿದ್ದರೆ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುತ್ತದೆ. ಲೀಜಿಯೊನೆಲ್ಲಾ (ಹನಿ ಮಂಜಿನ ಮೂಲಕ ಶ್ವಾಸಕೋಶಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾ) ಪರೀಕ್ಷೆಯನ್ನಂತೂ ಬಿಡಲೇಬಾರದು. ಟವರ್‌ನ ಹನಿ ಮಂಜು ತಾಜಾ ಗಾಳಿಯ ಕಿಂಡಿಯ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ಚಿಲ್ಲರ್ ನೀರನ್ನು 7ರ ಬದಲು 8 ಡಿಗ್ರಿಗೆ ಏರಿಸಿದರೆ ಕಂಪ್ರೆಸರ್ ಕರೆಂಟು ಸುಮಾರು 2–3% ಇಳಿಯುತ್ತದೆ. ಬೆಂಗಳೂರಿನ ಚಳಿಗಾಲಕ್ಕೆ ಇದು ಒಗ್ಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ತೇವ ಇಳಿಯದೆ ಛಾವಣಿ ಬೆವರಿ ಬೂಸ್ಟು ಬರುತ್ತದೆ, ಅಲ್ಲಿ ಬೇಡ. ಫ್ಯಾನ್‌ಗಳಿಗೆ ವಿಎಫ್‌ಡಿ (ಮೋಟರ್ ವೇಗ ಹೊಂದಿಸುವ ಸಾಧನ) ಹಾಕಿಸಿ: ವೇಗ 80%ಗೆ ಇಳಿದರೆ ಕರೆಂಟು ಹೆಚ್ಚುಕಡಿಮೆ ಅರ್ಧವಾಗುತ್ತದೆ.

ನಿಂತ ವಿಮಾನಕ್ಕೆ 400 ಹರ್ಟ್ಜ್ ಕರೆಂಟು ಕೊಟ್ಟರಷ್ಟೇ ಸಾಲದು. ತಂಪು ಗಾಳಿಯ ಪೈಪ್ ಇಲ್ಲದಿದ್ದರೆ ಒಳಗಿನ ಸೆಕೆಗೆ ಎಪಿಯು (ವಿಮಾನದಲ್ಲೇ ಇರುವ ಸಣ್ಣ ಸಹಾಯಕ ಎಂಜಿನ್) ಓಡುತ್ತಲೇ ಇರುತ್ತದೆ, ಸಣ್ಣ ಜೆಟ್‌ನಲ್ಲೂ ಗಂಟೆಗೆ ಸುಮಾರು 100 ಕಿಲೋ ಇಂಧನ ಸುಡುತ್ತದೆ. ಎರಡನ್ನೂ ಒಟ್ಟಿಗೆ ಕೊಡಿ, ಪೈಪ್ ಮಡಚಿಕೊಂಡಿಲ್ಲವೇ ಎಂದು ನೋಡಿ.

ಮಳೆನೀರಿನ ವಿಷಯ. 10,000 ಚದರ ಮೀಟರ್ ಛಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಒಂದು ಲಕ್ಷ ಲೀಟರ್. ಅದರಲ್ಲಿ 85% ಕೈಗೆ ಸಿಕ್ಕೀತು. ತೆರೆದ ಕೆರೆ ಮಾತ್ರ ಕಟ್ಟಬೇಡಿ: ಹಕ್ಕಿಗಳು ಬರುತ್ತವೆ, ಹಾರುವ ವಿಮಾನಕ್ಕೆ ಅಪಾಯ. ನೆಲದಡಿಯ ಟ್ಯಾಂಕ್ ಸರಿ. ಬಯಲಲ್ಲಿ ನಿಂತ ನೀರು 48 ಗಂಟೆಯೊಳಗೆ ಖಾಲಿಯಾಗಬೇಕು. ಏಪ್ರನ್ (ವಿಮಾನ ನಿಲ್ಲುವ ಅಂಗಳ) ನೀರು ಎಣ್ಣೆ ಬೇರ್ಪಡಿಸುವ ತೊಟ್ಟಿಯನ್ನು ದಾಟಿಯೇ ಹೋಗಲಿ. ಅಗ್ನಿಶಾಮಕ ತರಬೇತಿ ಜಾಗದ ನೀರನ್ನು ಇಂಗುಗುಂಡಿಗೆ ಎಂದೂ ಬಿಡಬೇಡಿ. ಹಳೆಯ ಅಗ್ನಿಶಾಮಕ ನೊರೆಯಲ್ಲಿನ ಪಿಎಫ್‌ಎಎಸ್ (ಸುಲಭಕ್ಕೆ ಕೊಳೆಯದ ರಾಸಾಯನಿಕಗಳು) ಅಂತರ್ಜಲ ಸೇರಿದರೆ ತೆಗೆಯುವ ಸುಲಭದ ದಾರಿ ಇಲ್ಲ.

ಸೌರ ವಿದ್ಯುತ್ತಿಗೆ ಕೊಚ್ಚಿ ನಿಲ್ದಾಣ 2015ರ ಆಗಸ್ಟ್‌ನಲ್ಲಿ 12 ಮೆಗಾವ್ಯಾಟ್ ಘಟಕ ಹಾಕಿ ದಾರಿ ತೋರಿತು. ಹಾಕುವ ಮೊದಲು ಪ್ಯಾನೆಲ್‌ಗಳ ಹೊಳಪು ಪೈಲಟ್‌ಗಳ ಮತ್ತು ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಗೋಪುರದವರ ಕಣ್ಣು ಕೋರೈಸುವುದೇ ಎಂದು ಲೆಕ್ಕಹಾಕಿಸಿ. ಗಡಸು ನೀರಿನಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಮೆದು ನೀರು ಬಳಸಿ, ಗಾಜು ತಣ್ಣಗಿರುವ ಬೆಳಗಿನ ಜಾವವೇ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ತಾಗಿದರೆ ಬಿರುಕು ಬಿಡಬಹುದು.