ಹೊತ್ತು ನೋಡಿ ಹೋಗಬೇಕಾದ ಹೋಟೆಲುಗಳು

ಕೊಳವೆಬಾವಿಯ ಪಂಪು, ಮೋಟಾರುಗಳ ಬಿಡಿಭಾಗಗಳನ್ನು ಅಂಗಡಿಗಳಿಗೆ ಒದಗಿಸುವ ಕೆಲಸದಲ್ಲಿ ನಾನು ತುಮಕೂರು ಜಿಲ್ಲೆಯ ಹತ್ತೂ ತಾಲ್ಲೂಕುಗಳನ್ನು 19 ವರ್ಷ ಸುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ಬೈಕು ಹೊರಟರೆ ಮನೆ ಸೇರುವುದು ರಾತ್ರಿಗೆ. ಮಧ್ಯಾಹ್ನ ಎಲ್ಲಿ ಉಣ್ಣುವುದು ಎಂಬುದು ನನಗೆ ರುಚಿಯ ಪ್ರಶ್ನೆಯಾಗುವ ಮೊದಲು ಹೊಟ್ಟೆಯ ಪ್ರಶ್ನೆಯಾಗಿತ್ತು, ಜೇಬಿನ ಪ್ರಶ್ನೆಯೂ ಆಗಿತ್ತು. ದಿನಭತ್ಯೆಯೆಂದು ಕೈಗೆ ಬರುತ್ತಿದ್ದ ಹಣದಲ್ಲಿ ಹೆದ್ದಾರಿ ಬದಿಯ ದೊಡ್ಡ ಹೋಟೆಲಿನಲ್ಲಿ ಉಂಡರೆ ಸಂಜೆಯ ಕಾಫಿಗೆ ಸ್ವಂತ ದುಡ್ಡು ತೆಗೆಯಬೇಕಾಗುತ್ತಿತ್ತು. ಹೀಗಾಗಿ ಬೋರ್ಡಿಲ್ಲದ, ಗಲ್ಲಾಪೆಟ್ಟಿಗೆಯಿಲ್ಲದ, ಕೆಲವೊಮ್ಮೆ ಬಾಗಿಲೂ ಸರಿಯಾಗಿಲ್ಲದ ಹೋಟೆಲುಗಳ ಹಾದಿ ಹಿಡಿದೆ. ಆ ಹಾದಿ ಗೊತ್ತಾಗುವುದಕ್ಕೆ ಎರಡು ಮೂರು ವರ್ಷ ಹಿಡಿಯಿತು.

ಮೊದಲ ವರ್ಷ ನಾನು ಕೇಳುತ್ತಿದ್ದ ಪ್ರಶ್ನೆಯೇ ತಪ್ಪಾಗಿತ್ತು. ಹೋದ ಊರಿನಲ್ಲೆಲ್ಲ "ಇಲ್ಲಿ ಒಳ್ಳೆಯ ಹೋಟೆಲ್ ಯಾವುದು?" ಎಂದು ಕೇಳುತ್ತಿದ್ದೆ. ಶರ್ಟು ಇನ್ ಮಾಡಿಕೊಂಡು, ಬ್ಯಾಗು ಹಿಡಿದು ಬಂದವನೊಬ್ಬ ಹೀಗೆ ಕೇಳಿದರೆ ಊರಿನವರು ತಾವು ಉಣ್ಣುವ ಜಾಗವನ್ನು ಹೇಳದೆ, ಇವನ ಅಂತಸ್ತಿಗೆ ಇದು ಸರಿಹೋಗಬಹುದು ಎಂದು ಊಹಿಸಿ, ಗಾಜಿನ ಬಾಗಿಲಿರುವ, ಗೋಬಿ ಮಂಚೂರಿಯಿಂದ ಪನೀರ್ ಬಟರ್ ಮಸಾಲದವರೆಗೆ ನಾಲ್ಕು ಪುಟದ ಮೆನು ಇರುವ ಜಾಗಕ್ಕೆ ಕಳುಹಿಸುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಅತಿಥಿಗೆ ಮರ್ಯಾದೆ ಮಾಡುವ ರೀತಿಯೇ ಅದು. ಮಧುಗಿರಿಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಹುಡುಗನೊಬ್ಬ ಸುತ್ತಿದ ಕಾಯಿಲಿಗೆ ವಾರ್ನಿಷ್ ಹಚ್ಚಿ, ಒಣಗಲು ಇಟ್ಟು, ಕೈ ತೊಳೆದುಕೊಂಡು ಹೊರಡುತ್ತಿದ್ದಾಗ ನಾನು ಸುಮ್ಮನೆ "ಊಟಕ್ಕೆ ಎಲ್ಲಿಗಪ್ಪ ಹೋಗ್ತೀಯ?" ಎಂದೆ. "ಇಲ್ಲೇ ಹಿಂದೆ, ಬನ್ನಿ ಸಾರ್, ಇನ್ನೂ ಹಿಟ್ಟು ಇರುತ್ತೆ," ಎಂದು ಕರೆದುಕೊಂಡು ಹೋದ. ಅಂದಿನಿಂದ ನಾನು ಯಾವ ಊರಿನಲ್ಲೂ ಒಳ್ಳೆಯ ಹೋಟೆಲನ್ನು ವಿಚಾರಿಸಿಲ್ಲ. ಎದುರಿಗಿರುವವರು ದಿನವೂ ಎಲ್ಲಿ ಉಣ್ಣುತ್ತಾರೆ ಎಂದಷ್ಟೇ ವಿಚಾರಿಸುತ್ತೇನೆ.

ಯಾರನ್ನು ಕೇಳಬೇಕು ಎಂಬುದರಲ್ಲೂ ಸ್ವಲ್ಪ ವಿವೇಚನೆ ಬೇಕು. ಹಮಾಲರು, ವೈಂಡಿಂಗ್ ಮತ್ತು ವೆಲ್ಡಿಂಗ್ ಅಂಗಡಿಯ ಕೆಲಸಗಾರರು, ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವರು ಹೇಳುವ ಜಾಗ ಸುಳ್ಳಾಗುವುದು ಅಪರೂಪ, ಏಕೆಂದರೆ ಅವರು ಕೈಯಿಂದ ದುಡ್ಡು ಕೊಟ್ಟು ದಿನವೂ ಉಣ್ಣುವವರು. ದೂರದೂರಿಗೆ ಹೋಗುವ ಬಸ್ಸುಗಳು ನಿಲ್ಲುವ ಹೋಟೆಲನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಡ್ರೈವರ್, ಕಂಡಕ್ಟರಿಗೆ ಊಟ ಪುಕ್ಕಟೆ, ಅದರ ಖರ್ಚು ಪ್ರಯಾಣಿಕರ ತಟ್ಟೆಯಲ್ಲಿ ಕಾಣಿಸುತ್ತದೆ.

ಹೀಗೆ ತಿರುಗುತ್ತ ತಿರುಗುತ್ತ ಒಂದು ಸಂಗತಿ ಮನದಟ್ಟಾಯಿತು. ಈ ಹೋಟೆಲುಗಳು ಓಣಿಯೊಳಗೆ ಅಡಗಿವೆ ಎಂದು ನಾವು ತಿಳಿಯುತ್ತೇವೆ, ಆದರೆ ಬಹುಪಾಲು ನಮ್ಮ ಕಣ್ಣೆದುರಿನ ರಸ್ತೆಯಲ್ಲೇ ಇರುತ್ತವೆ. ಅವು ತೆರೆದಿರುವ ಹೊತ್ತಿನಲ್ಲಿ ನಾವು ಆ ರಸ್ತೆಯಲ್ಲಿ ಇರುವುದಿಲ್ಲ, ಅಷ್ಟೆ. ತುಮಕೂರಿನ ಅಂತರಸನಹಳ್ಳಿ ತರಕಾರಿ ಮಾರುಕಟ್ಟೆಯ ಸುತ್ತ ನಾನು ಎಷ್ಟೋ ಸಲ ಹತ್ತು ಗಂಟೆಗೆ ಹಾದುಹೋಗಿದ್ದೆ; ಮುಚ್ಚಿದ ತಗಡಿನ ಶೆಡ್ಡುಗಳನ್ನು ಕಂಡು ಇವು ಗೋದಾಮುಗಳೆಂದುಕೊಂಡಿದ್ದೆ. ಒಮ್ಮೆ ಬೆಳಗಿನ ಐದೂವರೆಗೆ ಗಾಡಿ ಕೆಟ್ಟು ಅಲ್ಲಿ ನಿಲ್ಲಬೇಕಾಗಿ ಬಂದಾಗ ಅದೇ ತಗಡಿನ ಕೆಳಗೆ ಹಬೆ ಏಳುತ್ತಿತ್ತು, ಟೊಮ್ಯಾಟೊ ಕ್ರೇಟುಗಳ ಮೇಲೆ ಕುಳಿತು ಜನ ಇಡ್ಲಿ, ವಡೆ, ಚಿತ್ರಾನ್ನ ತಿನ್ನುತ್ತಿದ್ದರು. ಎಂಟಕ್ಕೆ ಎಲ್ಲ ಮುಗಿದು ಪಾತ್ರೆ ಬೆಳಗುವ ಕೆಲಸ ನಡೆದಿತ್ತು. ಬಟವಾಡಿಯ ಎಪಿಎಂಸಿ ಪ್ರಾಂಗಣದ ಕಡೆಯಾಗಲಿ, ಮಂಡಿಪೇಟೆಯ ಆಸುಪಾಸಿನಲ್ಲಾಗಲಿ ಲೆಕ್ಕ ಬೇರೆ: ಅಲ್ಲಿ ಲಾರಿ ಇಳಿಸಿದ ಮೇಲೆ ಹಸಿವು, ಆದ್ದರಿಂದ ಅಲ್ಲಿಯ ಗಟ್ಟಿ ತಿಂಡಿ ಹತ್ತರಿಂದ ಹನ್ನೊಂದು.

ತಟ್ಟೆ ಇಡ್ಲಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತುಮಕೂರಿನವನೆಂದರೆ ಹೊರಗಿನವರು ಮೊದಲು ಕೇಳುವುದೇ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಬಗ್ಗೆ. ಸಿದ್ಧಗಂಗಾ ಮಠಕ್ಕೆ ಹೋಗುವವರೆಲ್ಲ ನಿಲ್ಲುವ ಜಾಗ ಅದು. ಅಲ್ಲಿಯ ಪವಿತ್ರ ಹೋಟೆಲಿನ ಹೆಸರು ಬೆಂಗಳೂರಿನವರಿಗೂ ಗೊತ್ತು. ಪ್ರಸಿದ್ಧಿ ಇರುವ ಜಾಗವನ್ನು ನಾನು ಹೀಗಳೆಯುವುದಿಲ್ಲ, ಅಲ್ಲಿಯ ಇಡ್ಲಿ ನಿಜವಾಗಿಯೂ ಚೆನ್ನಾಗಿದೆ. ಆದರೆ ಅದರಷ್ಟೇ ಒಳ್ಳೆಯ ತಟ್ಟೆ ಇಡ್ಲಿ ಗುಬ್ಬಿ, ಶಿರಾ, ಕುಣಿಗಲ್ ದಾರಿಯ ಸಣ್ಣ ಊರುಗಳಲ್ಲಿ, ಮನೆಯ ಮುಂದಿನ ಜಗುಲಿಯಲ್ಲಿ ಸಿಗುತ್ತದೆ. ಅದನ್ನು ಗುರುತಿಸುವುದಕ್ಕೆ ನನಗೆ ಮೂರು ನಾಲ್ಕು ಗುರುತುಗಳಿವೆ. ಅಕ್ಕಿ, ಉದ್ದಿನ ಜೊತೆ ಮೃದುವಾಗಲೆಂದು ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ಸೇರಿಸಿ ರಾತ್ರಿಯಿಡೀ ಹುದುಗಿಸಿದ ಹಿಟ್ಟಿನ ಇಡ್ಲಿಯನ್ನು ಬೆರಳಿನಿಂದ ಒತ್ತಿದರೆ ಮತ್ತೆ ಮೇಲೆದ್ದು ಬರುತ್ತದೆ, ಬಾಯಿಗಿಟ್ಟರೆ ಕೊನೆಯಲ್ಲಿ ಸಣ್ಣ ಹುಳಿ ಇರುತ್ತದೆ. ಹುದುಗಲು ಬಿಡದೆ ಸೋಡಾ ಸುರಿದದ್ದಾದರೆ ತೂತುಗಳು ದೊಡ್ಡವಾಗಿರುತ್ತವೆ, ನಾಲಿಗೆಗೆ ಸಾಬೂನಿನಂಥ ರುಚಿ ಹತ್ತುತ್ತದೆ, ಊರು ದಾಟುವುದರೊಳಗೆ ಬಾಯಾರಿಕೆ. ಇನ್ನೊಂದನ್ನು ಇತ್ತೀಚೆಗೆ ಕಡ್ಡಾಯವಾಗಿ ನೋಡುತ್ತೇನೆ: ತಟ್ಟೆಗೆ ಬಟ್ಟೆ ಹಾಕಿದ್ದಾರೋ, ಎಣ್ಣೆ ಸವರಿದ್ದಾರೋ, ಅಥವಾ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೋ ಎಂಬುದು. 2025ರ ಫೆಬ್ರುವರಿಯಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ರಾಜ್ಯದ ಆರೋಗ್ಯ ಇಲಾಖೆ ನಿಷೇಧಿಸಿದ ಮೇಲೆ ಬಹಳ ಜನ ಬಟ್ಟೆಗೆ ಮರಳಿದ್ದಾರೆ, ಎಲ್ಲರೂ ಮರಳಿಲ್ಲ. ಒಲೆ ಗಿರಾಕಿಗೆ ಕಾಣುವಂತೆ ಇರುವ ಸಣ್ಣ ಹೋಟೆಲಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅಡುಗೆಮನೆಗೆ ಗೋಡೆಯಿರುವ ದೊಡ್ಡ ಹೋಟೆಲಿನಲ್ಲಿ ನಂಬಬೇಕು, ಅಷ್ಟೆ. ತಟ್ಟೆ ಇಡ್ಲಿಯನ್ನು ಪಾರ್ಸೆಲ್ ಒಯ್ಯುವವರ ಬಗ್ಗೆ ನನಗೆ ಅಯ್ಯೋ ಎನಿಸುತ್ತದೆ. ಹಬೆಯಿಂದ ಇಳಿದು ಐದು ನಿಮಿಷ ಕಳೆದರೆ ಮೇಲಿನ ಬೆಣ್ಣೆ ಕರಗುವುದಿಲ್ಲ, ಜಾರುತ್ತದೆ.

ಆದರೆ ನಾನು ಮೈಲಿಗಟ್ಟಲೆ ಸುತ್ತು ಹಾಕಿ ಹೋಗುವುದು ಇಡ್ಲಿಗಲ್ಲ, ಮುದ್ದೆಗೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೆಸರು. ವೈಂಡಿಂಗ್ ಹುಡುಗ ಕರೆದೊಯ್ದ ಮನೆಯ ಹಿತ್ತಿಲಲ್ಲಿ ಎರಡು ಬೆಂಚು, ಒಂದು ಸೌದೆ ಒಲೆ, ಗೋಡೆಗೆ ಒರಗಿಸಿದ ಹಿಟ್ಟಿನ ಕೋಲು ಇದ್ದವು. ಹನ್ನೆರಡಕ್ಕೆ ಎಸರು ಕುದಿಯುತ್ತದೆ, ಹಿಟ್ಟು ಸುರಿದು ಬೇಯಲು ಬಿಟ್ಟು, ಆಮೇಲೆ ಮನೆಯಾಕೆ ಕಾಲಿನಿಂದ ಪಾತ್ರೆಗೆ ಆನಿಕೆ ಕೊಟ್ಟು ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವುತ್ತಾರೆ. ಹನ್ನೆರಡೂಕಾಲಿಗೆ ಮೊದಲ ಮುದ್ದೆಗಳು ತಟ್ಟೆಗೆ ಬೀಳುತ್ತವೆ. ಗಂಟು ಉಳಿದಿಲ್ಲದ, ಕೈಗೆ ಅಂಟದ, ಮುರಿದರೆ ಒಳಗಿನಿಂದ ಹೊಗೆಯಾಡುವ ಮುದ್ದೆ ಸಿಗುವುದು ಆ ಮುಕ್ಕಾಲು ಗಂಟೆಯಲ್ಲಿ ಮಾತ್ರ. ಒಂದೂವರೆಗೆ ಹೋದರೆ ಹೊರಮೈ ಒಣಗಿ ಸಿಪ್ಪೆ ಕಟ್ಟಿರುತ್ತದೆ, ಎರಡಕ್ಕೆ ಹೋದರೆ ತೊಳೆದ ಪಾತ್ರೆ ಕಾಣುತ್ತದೆ. ಅದಕ್ಕಾಗಿ ನಾನು ಅಂಗಡಿಗಳ ಭೇಟಿಯನ್ನೇ ಹಿಂದೆ ಮುಂದೆ ಮಾಡಿಕೊಂಡೆ: ಮಧುಗಿರಿಗೆ ಹೋಗುವ ದಿನ ಕೊರಟಗೆರೆಯ ವಸೂಲಿಯನ್ನು ಸಂಜೆಗೆ ತಳ್ಳಿ, ಹನ್ನೆರಡಕ್ಕೆ ಏಕಶಿಲಾ ಬೆಟ್ಟ ಕಾಣುವಷ್ಟು ಹತ್ತಿರಕ್ಕೆ ಬಂದಿರುತ್ತಿದ್ದೆ.

ಮುದ್ದೆಗಿಂತ ಹೋಟೆಲಿನವರ ಮನಸ್ಸನ್ನು ತಿಳಿಸುವುದು ಸಾರು. ದಿನವೂ ಒಂದೇ ಬೇಳೆ ಸಾರು ಮಾಡುವ ಜಾಗಕ್ಕೆ ನಾನು ಎರಡನೆಯ ಸಲ ಹೋಗುವುದಿಲ್ಲ. ಸಂತೆಯ ಮರುದಿನ ಸೊಪ್ಪಿನ ಬಸ್ಸಾರು, ಆ ಬಸಿದ ಸೊಪ್ಪು, ಕಾಳಿನದೇ ಪಲ್ಯ. ಮಳೆ ಬಂದ ದಿನ ಮೊಳಕೆ ಹುರುಳಿ ಸಾರು. ಏನೂ ಇಲ್ಲದ ದಿನ ಉಪ್ಪೆಸರು, ಜೊತೆಗೆ ಕಲ್ಲಿನಲ್ಲಿ ಅರೆದ ಖಾರ. ಹೀಗೆ ಬುಟ್ಟಿಯಲ್ಲಿ ಏನಿದೆಯೋ ಅದನ್ನು ನೋಡಿ ಅಡುಗೆ ಮಾಡುವ ಕಡೆ "ಇವತ್ತು ಏನು ಸಾರು?" ಎಂಬ ಪ್ರಶ್ನೆಗೆ ಅರ್ಥವಿರುತ್ತದೆ. ನವೆಂಬರಿನಿಂದ ಸಂಕ್ರಾಂತಿಯವರೆಗೆ ಅವರೆಕಾಯಿಯ ಕಾಲ. ಆಗ ಹಿತಕಿದ ಬೇಳೆಯ ಸಾರಿಗಾಗಿ ನಾನು ಸಂಬಂಧವಿಲ್ಲದ ಊರುಗಳಿಗೂ ಕೆಲಸ ಹುಟ್ಟಿಸಿಕೊಂಡು ಹೋಗಿದ್ದುಂಟು. ನೆನೆಸಿದ ಕಾಳನ್ನು ಒಂದೊಂದಾಗಿ ಹಿತಕಿ ಸಿಪ್ಪೆ ತೆಗೆಯುವ ಕೆಲಸಕ್ಕೆ ಮನೆಮಂದಿಯೆಲ್ಲ ಹಿಂದಿನ ರಾತ್ರಿ ಕೂರಬೇಕು. ಆದ್ದರಿಂದಲೇ ಅದು ಸಣ್ಣ ಹೋಟೆಲಿನಲ್ಲಿ ವಾರಕ್ಕೊಮ್ಮೆಯೋ ಎರಡು ಸಲವೋ ಸಿಗುತ್ತದೆ, ಯಾವ ದಿನ ಎಂದು ಹಿಂದಿನ ದಿನವೇ ಕೇಳಿ ಇಟ್ಟುಕೊಳ್ಳಬೇಕು.

ಮಾಂಸದೂಟಕ್ಕೆ ಹೊತ್ತಿನ ಜೊತೆ ವಾರ, ಮಾಸಗಳನ್ನೂ ನೋಡಬೇಕು ಎಂಬುದನ್ನು ನಾನು ಅವಮಾನದಿಂದ ಕಲಿತೆ. ಬೆಂಗಳೂರಿನಿಂದ ಬಂದ ನನ್ನ ಭಾವಮೈದುನನಿಗೆ, ಇಡೀ ಜಿಲ್ಲೆಯಲ್ಲೇ ಇಂಥ ನಾಟಿಕೋಳಿ ಸಾರು ಇಲ್ಲವೆಂದು ಎರಡು ದಿನ ಕೊಚ್ಚಿಕೊಂಡು, ಶಿರಾ ದಾರಿಯಲ್ಲಿ ಐವತ್ತು ಕಿಲೋಮೀಟರು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಬಾಗಿಲಿಗೆ ಬೀಗ. ಪಕ್ಕದ ಪಂಕ್ಚರ್ ಅಂಗಡಿಯವರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಶ್ರಾವಣ ಅಲ್ವಾ ಸ್ವಾಮಿ? ಇನ್ನು ಗೌರಿ ಹಬ್ಬ ಕಳೀಬೇಕು," ಎಂದರು. ಭಾವಮೈದುನ ದಾರಿಯುದ್ದಕ್ಕೂ ಏನೂ ಮಾತಾಡಲಿಲ್ಲ, ಊರಿಗೆ ಹೋಗಿ ಎಲ್ಲರಿಗೂ ಹೇಳಿದ. ಶ್ರಾವಣದಲ್ಲಿ ಹೀಗೆ ಬಾಗಿಲು ಹಾಕುವವರು ಹಲವರು. ಉಳಿದ ಮಾಸಗಳಲ್ಲೂ ಸೋಮವಾರ, ಶನಿವಾರ ಒಲೆ ಹಚ್ಚದವರಿದ್ದಾರೆ. ಕುರಿ ಸಂತೆಯಿರುವ ಕಡೆ ಸಂತೆಯ ದಿನವೇ ಸರಿಯಾದ ದಿನ. ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಕುರಿ ಸಂತೆಗೆ ವ್ಯಾಪಾರಿಗಳು ನಸುಕಿನಲ್ಲೇ ಬಂದಿರುತ್ತಾರೆ; ವ್ಯಾಪಾರ ಕುದುರಿಸಿ ಬಂದವರಿಗೆ ಬೆಳಗಿನ ಹೊತ್ತಿಗೇ ಕಾಲು ಸೂಪು, ತಲೆಮಾಂಸ, ಬೋಟಿ ಗೊಜ್ಜು ಬೇಕು. ಎಂಟು ಗಂಟೆಗೆ ಮುದ್ದೆ, ತಲೆಮಾಂಸ ತಿನ್ನುವುದು ಪೇಟೆಯವರಿಗೆ ವಿಚಿತ್ರವೆನಿಸಬಹುದು. ಕುರಿಯನ್ನು ಕಣ್ಣಲ್ಲಿ ಅಳೆದು ಕೊಳ್ಳುವ ಜನ ಉಣ್ಣುವ ಜಾಗದಲ್ಲಿ ಹಳೆಯ ಮಾಂಸವನ್ನು ಬೇಯಿಸಿ ಹಾಕುವ ಧೈರ್ಯ ಯಾರಿಗೂ ಇರುವುದಿಲ್ಲ ಎಂಬುದು ನನ್ನ ನಂಬಿಕೆ.

ತಿಪಟೂರಿನಲ್ಲಿ ಕೊಬ್ಬರಿ ಹರಾಜಿನ ದಿನ ಹೋಗಬೇಕು, ಅದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ. ಮೂರು ಕಡೆ ಆಂಧ್ರದ ಗಡಿಯಿರುವ ಪಾವಗಡಕ್ಕೆ ಹೋದಾಗ ಮಾತ್ರ ನಾನು ಮುದ್ದೆಯನ್ನು ಬಿಟ್ಟು ಬೆಳಗಿನ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಹುಡುಕುತ್ತೇನೆ. ಅನಂತಪುರದ ಕಡೆ ಅದಕ್ಕೆ ಉಗ್ಗಾನಿ ಎನ್ನುತ್ತಾರೆ. ಅಲ್ಲಿಯ ಕಡಲೆಕಾಯಿ ಚಟ್ನಿಯ ಖಾರಕ್ಕೆ ತುಮಕೂರಿನ ನಾಲಿಗೆ ಹೊಂದಿಕೊಳ್ಳಲು ಎರಡು ಭೇಟಿ ಬೇಕಾಗುತ್ತದೆ.

ಹೊಟ್ಟೆ ಕೆಟ್ಟದ್ದೂ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ಒಂದು ಏಪ್ರಿಲ್ ತಿಂಗಳು, ಹೆಸರು ಹೇಳಲು ಇಷ್ಟಪಡದ ಒಂದು ಜಾಗದಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ ಉಳಿದಿದ್ದ ಇಡ್ಲಿಗೆ ಬೆಳಗಿನ ತೆಂಗಿನಕಾಯಿ ಚಟ್ನಿ ಹಾಕಿಸಿಕೊಂಡು ತಿಂದೆ. ಸಂಜೆಯಿಂದ ಮೂರು ದಿನ ಹಾಸಿಗೆ ಹಿಡಿದೆ. ಬೇಸಿಗೆಯಲ್ಲಿ ಹಸಿ ತೆಂಗಿನಕಾಯಿ ಚಟ್ನಿಗೆ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಆಯಸ್ಸಿಲ್ಲ ಎಂಬುದನ್ನು ನನ್ನ ಹೆಂಡತಿ ಅಷ್ಟು ದಿನವೂ ಹೇಳುತ್ತಲೇ ಇದ್ದಳು. ಈಗ ಹತ್ತು ಗಂಟೆಯ ಮೇಲೆ ಎಲ್ಲೇ ಆದರೂ ಕುದಿಯುತ್ತಿರುವ ಸಾಂಬಾರನ್ನೋ ಸಾಗುವನ್ನೋ ಕೇಳುತ್ತೇನೆ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯುತ್ತೇನೆ. ನಮ್ಮ ಸೀಮೆಯ ಆಳದ ಬೋರುಗಳ ನೀರಿನಲ್ಲಿ ಫ್ಲೋರೈಡ್ ಇರುವುದು ನನ್ನ ಕಸುಬಿನವರಿಗೆ ಬೇರೆಯವರು ಹೇಳಬೇಕಾಗಿಲ್ಲ.

ನನ್ನ ಬಳಿ ವಸೂಲಿ ಲೆಕ್ಕದ ಪುಸ್ತಕದ ಹಿಂಭಾಗದಲ್ಲಿ ಇಂಥ ಹೋಟೆಲುಗಳ ಪಟ್ಟಿಯಿದೆ. ಅದರಲ್ಲಿ ರುಚಿಗೆ ಅಂಕ ಕೊಟ್ಟಿಲ್ಲ. ಊರು, ಹತ್ತಿರದ ಗುರುತು, ಒಲೆ ಹಚ್ಚುವ ಹೊತ್ತು, ಮುಗಿಯುವ ಹೊತ್ತು, ರಜೆಯ ವಾರ, ಇಷ್ಟೇ ಇದೆ. ಇವುಗಳನ್ನು ಹೆಸರು, ವಿಳಾಸ ಸಹಿತ ಬರೆದು ಎಲ್ಲರಿಗೂ ತಿಳಿಸಿದರೆ ಆ ಮನೆಯವರಿಗೆ ನಾಲ್ಕು ಕಾಸು ಹೆಚ್ಚು ಸಿಗಲಿ ಎಂಬ ಆಸೆ ನನಗೂ ಇತ್ತು. ಮಧುಗಿರಿಯ ಆ ಹಿತ್ತಿಲಿನ ಹೋಟೆಲಿನಲ್ಲಿ ಒಂದು ದಿನ ಫೋಟೊ ತೆಗೆಯಲೇ ಎಂದು ಯಜಮಾನರನ್ನು ಕೇಳಿದೆ. ಅವರು ಕೈ ಅಡ್ಡ ಹಿಡಿದು, "ಬೇಡಿ ಸ್ವಾಮಿ. ದಿನಕ್ಕೆ ಹನ್ನೆರಡು ಕಿಲೋ ಹಿಟ್ಟು ತಿರುವ್ತಾಳೆ ಅವಳು. ಇನ್ನೊಂದು ಎಸರು ಇಟ್ಟರೆ ರಾತ್ರಿ ರಟ್ಟೆ ಎತ್ತೋಕಾಗಲ್ಲ. ಹೊಸಬರು ದೂರದಿಂದ ಬಂದು ಹಿಟ್ಟು ಇಲ್ಲ ಅಂದ್ರೆ ಬೈಕೊಂಡು ಹೋಗ್ತಾರೆ, ದಿನಾ ಬರೋ ಹುಡುಗ್ರೂ ಹಸ್ಕೊಂಡು ಹೋಗ್ತಾರೆ," ಎಂದರು. ಹನ್ನೆರಡು ಕಿಲೋ ಎಂದರೆ ನೂರು, ನೂರಹತ್ತು ಮುದ್ದೆ. ಎಪ್ಪತ್ತು ಜನಕ್ಕೆ ಆಗುತ್ತದೆ, ಆ ಎಪ್ಪತ್ತು ಜನ ಈಗಲೇ ಇದ್ದಾರೆ.

ಆದ್ದರಿಂದ ಆ ಜಾಗದ ವಿಳಾಸ ಇಲ್ಲಿ ಕೊಡುತ್ತಿಲ್ಲ. ಮಧುಗಿರಿಗೆ ಹೋಗುವ ಕೆಲಸವಿದ್ದವರು ಹನ್ನೆರಡಕ್ಕೆ ಅಲ್ಲಿರುವಂತೆ ಹೊರಡಲಿ. ವಾರ್ನಿಷ್ ವಾಸನೆಯ ಕೈಗಳನ್ನು ತೊಳೆದುಕೊಂಡು ಹುಡುಗರು ಯಾವ ಸಂದಿಯೊಳಗೆ ಹೋಗುತ್ತಾರೆ ಎಂದು ನೋಡಿಕೊಂಡು, ಅವರಿಗಿಂತ ಮುಂದೆ ನುಗ್ಗದೆ ಹಿಂದೆ ಹೋದರೆ, ಬೆಂಚಿನ ತುದಿಯಲ್ಲಿ ಒಬ್ಬರಿಗೆ ಜಾಗ ಸಿಗುತ್ತದೆ.